ಜೋಕುಮಾರಸ್ವಾಮಿ (ನಾಟಕ)

ಜೋಕುಮಾರಸ್ವಾಮಿ ಚಂದ್ರಶೇಖರ ಕಂಬಾರರು ರಚಿಸಿದ ಕನ್ನಡ ನಾಟಕ. ಇದು ಉತ್ತರ ಕರ್ನಾಟಕದ ಬಯಲಾಟದ ಹಾಡು, ಕುಣಿತ ಮತ್ತು ಹಾಸ್ಯಗಳ ಮೂಲಕ ಮನುಷ್ಯನ ಕ್ರೌರ್ಯವನ್ನೂ ಕಂಡದ್ದೆಲ್ಲ ತನಗೇ ಬೇಕೆಂಬ ಲಾಲಸೆಯನ್ನೂ ವಿಡಂಬಿಸುತ್ತದೆ. 1972ರಲ್ಲಿ ಬಿ. ವಿ. ಕಾರಂತರು ಇದನ್ನು ಬೆಂಗಳೂರಿನಲ್ಲಿ ನಿರ್ದೇಶಿಸಿದರು.

ಹಿನ್ನೆಲೆ

ಕಂಬಾರರು 1937ರಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಜನಿಸಿದರು. ಸ್ವತಃ ಹಾಡುಗಾರರಾದ ಅವರು ಆ ಭಾಗದ ಲಾವಣಿ, ಬಯಲಾಟ ಮತ್ತು ಸಣ್ಣಾಟಗಳ ಧಾಟಿಯನ್ನು ಆಧುನಿಕ ರಂಗಭೂಮಿಗೆ ತಂದರು. ಬೈಲಹೊಂಗಲ ಸೀಮೆಯ ಪ್ರಸಿದ್ಧ ಸಣ್ಣಾಟ ಸಂಗ್ಯಾ ಬಾಳ್ಯಾವನ್ನು ಆಧರಿಸಿಯೂ ಅವರು ನಾಟಕ ರಚಿಸಿದ್ದಾರೆ.

ನಾಟಕದ ಹೆಸರು ಭಾದ್ರಪದ ಮಾಸದ ಜೋಕುಮಾರನ ಆಚರಣೆಯಿಂದ ಬಂದಿದೆ. ಗಣೇಶ ಚತುರ್ಥಿಯ ಬಳಿಕ ಹುಟ್ಟುವ ಜೋಕುಮಾರ ಏಳು ದಿನ ಬಾಳಿ ಸಾಯುತ್ತಾನೆ ಎಂಬುದು ನಂಬಿಕೆ. ಹೆಣ್ಣುಮಕ್ಕಳು ಅವನ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಹಾಡುತ್ತಾ ಹೋಗುತ್ತಾರೆ. ಅವನು ಮಳೆ, ಬೆಳೆ ಮತ್ತು ಸಂತಾನದ ದೇವರು.

ಕಥಾವಸ್ತು

ಊರಿನ ಗೌಡ ಕೋವಿಯ ಬಲದಿಂದ ಹೊಲಗಳನ್ನೂ ಹೆಂಗಸರನ್ನೂ ತನ್ನ ಸೊತ್ತೆಂದು ಬಗೆಯುತ್ತಾನೆ. ಆದರೆ ಅವನು ನಪುಂಸಕ. ಗೌಡತಿ ಮಗುವಿಗಾಗಿ ಜೋಕುಮಾರಸ್ವಾಮಿಯನ್ನು ಪೂಜಿಸಿ ಗಂಡನಿಗೆಂದು ಪಡವಲಕಾಯಿಯ ಅಡುಗೆ ಮಾಡುತ್ತಾಳೆ. ಅದನ್ನು ಉಣ್ಣುವವನು ಗೌಡನನ್ನು ಎದುರಿಸಿ ಹೊಲ ಉಳುತ್ತಿರುವ ಬಸಣ್ಣ. ಗೌಡತಿ ಬಸಣ್ಣನಿಂದ ಗರ್ಭವತಿಯಾಗುತ್ತಾಳೆ. ಕೊನೆಗೆ ಗೌಡನ ಕಡೆಯವರು ಬಸಣ್ಣನನ್ನು ಕೊಲ್ಲುತ್ತಾರೆ.

ಹಾಡು ಮತ್ತು ವಿಡಂಬನೆ

ಬಯಲಾಟದಲ್ಲಿರುವಂತೆ ಇಲ್ಲಿಯೂ ಸೂತ್ರಧಾರ ಮತ್ತು ಹಿಮ್ಮೇಳದವರು ಕಥೆಯನ್ನು ನಡೆಸುತ್ತಾರೆ. ಮಾತಿನಲ್ಲಿ ಬೆದರಿಕೆಯಾಗಿ ಕೇಳುವ ಗೌಡನ ದರ್ಪ ಹಿಮ್ಮೇಳದ ಹಾಸ್ಯದ ನಡುವೆ ನಗೆಪಾಟಲಾಗುತ್ತದೆ. ಉಳಲಾರದವನ ಬಳಿ ನೆಲವಿದೆ, ಉಳುವವನ ಬಳಿ ಇಲ್ಲ ಎಂಬುದೇ ಈ ನಗೆಯ ಮೂಲ. ಗೌಡನ ಒಡೆತನ ಏನನ್ನೂ ಬೆಳೆಸಲಾರದು, ಕಸಿದುಕೊಳ್ಳಬಲ್ಲದು ಮಾತ್ರ. ಆದರೆ ನಗೆ ಕೊಲೆಯನ್ನು ತಡೆಯುವುದಿಲ್ಲ. ಅಲ್ಲಿಯವರೆಗೆ ನಕ್ಕ ಪ್ರೇಕ್ಷಕರು ಕೊಲೆಗೂ ಸಾಕ್ಷಿಗಳಾಗುತ್ತಾರೆ. ಜೋಕುಮಾರನ ಸಾವು ಮಳೆಗೆ ಕಾರಣವಾಗುವಂತೆ, ಬಸಣ್ಣನ ಸಾವಿನ ನಂತರವೂ ಗೌಡತಿಯ ಗರ್ಭದಲ್ಲಿ ಅವನ ಸಂತಾನ ಉಳಿಯುತ್ತದೆ.

ಮಹತ್ವ

ನಾಟಕ ಬಂದ ಎರಡು ವರ್ಷಗಳಲ್ಲಿ, 1974ರ ಮಾರ್ಚ್ 1ರಿಂದ, ಕರ್ನಾಟಕದಲ್ಲಿ ತಿದ್ದುಪಡಿಗೊಂಡ ಭೂಸುಧಾರಣಾ ಕಾನೂನು ಜಾರಿಗೆ ಬಂದು ಉಳುವವನೇ ಹೊಲದೊಡೆಯ ಎಂಬ ತತ್ತ್ವಕ್ಕೆ ಬಲ ದೊರೆಯಿತು. ಆ ಕಾಲದ ಭೂಮಿಯ ಪ್ರಶ್ನೆಯನ್ನು ಜನಪದ ಸಂಗೀತದಲ್ಲಿ ಕೇಳಿದ ಕೃತಿಯಾಗಿ ಇದನ್ನು ಓದಬಹುದು. ಕೊಳ್ಳುಬಾಕತನದ ಇಂದಿನ ದಿನಗಳಲ್ಲಿಯೂ ಗೌಡನ ತೀರದ ಹಸಿವು ಓದುಗರಿಗೆ ಅಪರಿಚಿತವಲ್ಲ. ಕಂಬಾರರಿಗೆ 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಲಭಿಸಿದೆ.