ಎರಡು ಹಳ್ಳ ಕೂಡುವಲ್ಲಿ ಮಾಣಿಕನಗರ

ಮಾಣಿಕನಗರದಲ್ಲಿ ಮಳೆಗಾಲದ ಮೊದಲ ಸುದ್ದಿ ಹಳ್ಳದ್ದು. ಗುರುಗಂಗಾ, ವಿರಜಾ ಎಂಬ ಎರಡು ಸಣ್ಣ ತೊರೆಗಳು ಕೂಡುವ ಜಾಗದಲ್ಲೇ ಊರು ಕೂತಿದೆ. ಜೂನ್ ತಿಂಗಳಲ್ಲಿ ಹದ ಮಳೆಯಾದರೆ ‘ಹಳ್ಳಕ್ಕ ನೀರು ಬಂತೇನು?’ ಎಂಬ ಪ್ರಶ್ನೆ. ಸೆಪ್ಟೆಂಬರ್‌ನಲ್ಲಿ ಮಳೆ ಜೋರಾದರೆ ‘ನೀರು ಎಲ್ಲಿತನಕ ಬಂತು?’ ಎಂಬ ಪ್ರಶ್ನೆ. ಕರಾವಳಿಯ ಉಳ್ಳಾಲದ ಮನೆಗಳವರು ಕಡಲಿನ ಮೇಲೆ ಒಂದು ಕಣ್ಣಿಟ್ಟೇ ಮಲಗುವ ಹಾಗೆ, ಕಡಲಿನಿಂದ ಇಷ್ಟು ದೂರದ ಈ ಒಳನಾಡಿನಲ್ಲೂ ದಂಡೆಯ ಮೇಲಿನ ಬದುಕಿಗೆ ನೀರಿನದೇ ಚಿಂತೆ.

ಬೀದರ್ ಜಿಲ್ಲೆಯ ಹುಮನಾಬಾದ್ ಪಟ್ಟಣಕ್ಕೆ ಅಂಟಿಕೊಂಡಂತೆ ಇರುವ ಊರಿದು. ಪುಣೆ–ಹೈದರಾಬಾದ್ ಹೆದ್ದಾರಿಯೂ ಬೀದರ್–ಕಲಬುರಗಿ ರಸ್ತೆಯೂ ಹುಮನಾಬಾದಿನಲ್ಲಿ ಒಂದನ್ನೊಂದು ದಾಟುತ್ತವೆ. ಲಾರಿಗಳ ಸದ್ದು, ಧಾಬಾಗಳ ಸಾಲು ಬಿಟ್ಟು ಸ್ವಲ್ಪ ಒಳಗೆ ಬಂದರೆ ಗುಡಿ, ಶಾಲೆ, ಯಾತ್ರಿಕರ ಕೋಣೆ, ಮನೆಗಳು ಬೆರೆತ ಮಾಣಿಕನಗರ. ಹೊರಗಿನವರಿಗೆ ಇದು ಕ್ಷೇತ್ರ. ಇಲ್ಲಿರುವವರಿಗೆ ನೀರು, ಬಸ್ಸು, ಮಕ್ಕಳ ಪರೀಕ್ಷೆ, ತೊಗರಿಯ ರೇಟು ಎಲ್ಲ ಇರುವ ಊರು. ಕ್ಷೇತ್ರದ ಬಗ್ಗೆ ಬರೆದವರು ಬಹಳ, ಊರನ್ನು ಊರಾಗಿ ನೋಡಿದವರು ಕಡಿಮೆ.

ಊರಿಗೆ ಹೆಸರು ಕೊಟ್ಟ ಮಾಣಿಕಪ್ರಭುಗಳು ಹುಟ್ಟಿದ್ದು 1817ರ ಡಿಸೆಂಬರ್ 22ರಂದು, ದತ್ತ ಜಯಂತಿಯ ದಿನ, ಇಂದಿನ ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಯಲ್ಲಿ. ತಂದೆ ಮನೋಹರ ನಾಯಕ, ತಾಯಿ ಬಯಾದೇವಿ. ಬಾಲ್ಯ ಕಳೆದದ್ದು ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ. 12ನೇ ಶತಮಾನದ ಶರಣರ ನೆನಪೂ ರಾಜಾ ಬಾಗ್ ಸವಾರ್ ದರ್ಗಾವೂ ಒಂದೇ ಪೇಟೆಯೊಳಗೆ ಇರುವ ಊರು ಅದು. ಸೋದರಮಾವ ಹುಡುಗನಿಗೆ ಸುಂಕದ ಕಟ್ಟೆಯಲ್ಲಿ ಕೆಲಸ ಕೊಡಿಸಿದರಂತೆ, ಹುಡುಗ ಅದನ್ನು ಬಿಟ್ಟು ಕಾಡಿನ ದಾರಿ ಹಿಡಿದನಂತೆ. ಅಲೆದಾಟ ಮುಗಿದು 1840ರ ದಶಕದಲ್ಲಿ ಈ ಸಂಗಮದ ಬಳಿ ನೆಲೆ ನಿಂತಾಗ ಸುತ್ತ ಜನ ಕೂಡಿದರು, ಊರು ಬೆಳೆಯಿತು.

ಅವರು ಕಟ್ಟಿದ ಪಂಥಕ್ಕೆ ಸಕಲಮತ ಸಂಪ್ರದಾಯ ಎಂದು ಹೆಸರು. ಎಲ್ಲ ಮತಗಳೂ ಒಂದೇ ಸತ್ಯದತ್ತ ಹೋಗುವ ದಾರಿಗಳು, ಯಾವುದನ್ನೂ ಹಳಿಯುವಂತಿಲ್ಲ ಎಂಬುದು ಅದರ ತಿರುಳು. ದತ್ತನ ಭಕ್ತರು ಅವರಲ್ಲಿ ದತ್ತಾತ್ರೇಯನನ್ನು ಕಂಡರು, ಮುಸ್ಲಿಂ ಭಕ್ತರು ಸೂಫಿ ಸಂತ ಮೆಹಬೂಬ್ ಸುಭಾನಿಯನ್ನು ಕಂಡರು, ಲಿಂಗಾಯತರು ಬಸವಣ್ಣನನ್ನು ಕಂಡರು. ಪ್ರಭುಗಳ ಪದಗಳು ಮರಾಠಿಯಲ್ಲಿವೆ, ಕನ್ನಡದಲ್ಲಿವೆ, ಹಿಂದಿ-ಉರ್ದುವಿನಲ್ಲೂ ಇವೆ. ಆಗ ಆಳುತ್ತಿದ್ದವರು ನಿಜಾಮರು. ನಿಜಾಮ ನಾಸಿರುದ್ದೌಲಾ ಜಹಗೀರು ಕೊಡಲು ಬಂದಾಗ ಪ್ರಭುಗಳು ಬೇಡವೆಂದರು ಎಂಬುದು ಭಕ್ತರು ತಲೆತಲಾಂತರದಿಂದ ಹೇಳಿಕೊಂಡು ಬಂದ ಮಾತು. ಜಹಗೀರು ಒಪ್ಪಿದ್ದರೆ ಇದು ಲೆಕ್ಕ-ಕಂದಾಯದ ಠಾಣೆಯಾಗುತ್ತಿತ್ತೋ ಏನೋ. ಆದರೆ ಈ ಊರು ನಿಂತದ್ದು ಬಂದವರಿಗೆ ಊಟ ಹಾಕುವ ಪದ್ಧತಿಯ ಮೇಲೆ. ಬಂದವರ ಜಾತಿ, ಭಾಷೆ ಕೇಳದೆ ಎಲೆ ಹಾಕುವ ಅಡುಗೆಮನೆ ಇಲ್ಲಿನ ಮೊದಲ ಸಂಸ್ಥೆ. ಗುಡಿ, ಪೀಠ, ಶಾಲೆ ಎಲ್ಲ ಅದರ ನಂತರದವು ಎಂದೇ ನನ್ನ ಎಣಿಕೆ.

1865ರ ಮಾರ್ಗಶಿರ ಶುದ್ಧ ಏಕಾದಶಿ, ಅಂದರೆ ನವೆಂಬರ್ 29ರಂದು, 48 ತುಂಬುವ ಮುಂಚೆಯೇ ಪ್ರಭುಗಳು ಸಂಜೀವನ (ಜೀವಂತ) ಸಮಾಧಿ ಹೊಂದಿದರು. ಹುಣ್ಣಿಮೆಯ ದತ್ತ ಜಯಂತಿಗೆ ಜನ ಆಗಲೇ ಕೂಡಿದ್ದರಿಂದ ಉತ್ಸವ ಮುಗಿಯುವವರೆಗೆ ಆ ಸುದ್ದಿಯನ್ನು ಹೊರಗೆ ಬಿಡಲಿಲ್ಲ ಎಂದು ಹೇಳುತ್ತಾರೆ. ಮುಂದೆ ಮನೋಹರ ಪ್ರಭು, ಮಾರ್ತಾಂಡ ಪ್ರಭು, ಶಂಕರ ಪ್ರಭು, ಸಿದ್ಧರಾಜ ಪ್ರಭು ಗಾದಿಯ ಮೇಲೆ ಕೂತರು. ಈಗಿನ ಪೀಠಾಧಿಪತಿ ಜ್ಞಾನರಾಜ ಮಾಣಿಕಪ್ರಭು. ಪ್ರಭುಗಳ ಶಿಷ್ಯೆ ವೆಂಕಮ್ಮನಿಗೂ ಇಲ್ಲಿ ಗುಡಿಯಿದೆ. 19ನೇ ಶತಮಾನದ ಒಬ್ಬ ಶಿಷ್ಯೆಗೆ ಗುರುವಿನ ಊರಲ್ಲೇ ಸ್ವಂತ ಗುಡಿ ಎದ್ದದ್ದು ಸಣ್ಣ ಸಂಗತಿಯಲ್ಲ. ಸಮಾಧಿಯ ದರ್ಶನ ಮುಗಿಸಿ ನೇರ ಗಾಡಿ ಹತ್ತುವವರು ಅಲ್ಲಿಗೂ ಹೋಗಿ ಬರಬೇಕು.

ವರ್ಷದ ದೊಡ್ಡ ಸುದ್ದಿ ದತ್ತ ಜಯಂತಿ. ಏಕಾದಶಿಯಿಂದ ಹುಣ್ಣಿಮೆಯ ತನಕ ಊರಿನ ಲೆಕ್ಕವೇ ಬೇರೆ. ಮನೆಮನೆಗೆ ನೆಂಟರು, ಕೋಣೆ ಸಿಗದವರಿಗೆ ಪಡಸಾಲೆ. ಓಣಿಯಲ್ಲಿ ‘ಜೈ ಗುರು ಮಾಣಿಕ’ ಎನ್ನುತ್ತ ಮಾತು ಶುರು ಮಾಡುವವರು ಆಮೇಲೆ ಮರಾಠಿಗೋ ಕನ್ನಡಕ್ಕೋ ದಖ್ಖನಿಗೋ ತೆಲುಗಿಗೋ ಹೊರಳುತ್ತಾರೆ. ರಾತ್ರಿ ದರ್ಬಾರ್. ಪೀಠಾಧಿಪತಿಗಳು ರಾಜಪೋಷಾಕಿನಲ್ಲಿ ಗಾದಿಯ ಮೇಲೆ ಕೂರುತ್ತಾರೆ, ಭಕ್ತರು ಒಬ್ಬೊಬ್ಬರಾಗಿ ಮುಂದೆ ಬಂದು ನಮಸ್ಕರಿಸುತ್ತಾರೆ, ಎದುರಿಗೆ ಗಾಯಕರು, ವಾದಕರು. ತಂಬೂರಿ ಒಮ್ಮೆ ಮೀಟಿದರೆ ಬೆಳಗಿನ ಜಾವದವರೆಗೆ ಹಾಡು ನಿಲ್ಲುವುದಿಲ್ಲ. ಚಳಿಗೆ ಶಾಲು ಹೊದ್ದು ಕೂತ ಅಜ್ಜಿಯ ತೊಡೆಯ ಮೇಲೆ ಮಗು ನಿದ್ದೆ ಹೋಗಿರುತ್ತದೆ, ಅಜ್ಜಿಯ ಬೆರಳು ಮಾತ್ರ ತಾಳ ಹಾಕುತ್ತಿರುತ್ತದೆ. ಹಿಂದೂಸ್ತಾನಿ ಸಂಗೀತದ ಟಿಕೆಟ್ಟು ಕೊಂಡು ಸಭಾಂಗಣಕ್ಕೆ ಹೋಗದ ಹೊಲದ ಮಂದಿ ಇಲ್ಲಿ ನೆಲದ ಮೇಲೆ ಕೂತು ರಾಗ ಕೇಳುತ್ತಾರೆ. ಕಲ್ಯಾಣ ಕರ್ನಾಟಕದ ಸಾಂಸ್ಕೃತಿಕ ಬಡತನದ ಬಗ್ಗೆ ಮಾತಾಡುವವರನ್ನು ಒಂದು ರಾತ್ರಿ ಇಲ್ಲಿಗೆ ಕರೆತರಬೇಕು.

ಈ ಜನಸಂದಣಿಯ ಹಿಂದೆ ಒಂದು ನಕ್ಷೆಯ ಕಥೆಯಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಹುಮನಾಬಾದ್, ಭಾಲ್ಕಿ, ಔರಾದ್ ಕಡೆಯವು ಮೈಸೂರಿಗೆ ಬಂದವು. ಉದಗೀರ್, ನಿಲಂಗಾ, ಅಹಮದ್‌ಪುರ ಮುಂಬೈ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೆ ಸೇರಿದವು. ಗಡಿ ಬಿದ್ದದ್ದು ಕಚೇರಿಗಳ ನಡುವೆ. ಬೀಗತನ, ಹರಕೆ, ಭಜನೆ ಗಡಿಯನ್ನು ಒಪ್ಪಿಕೊಳ್ಳಲಿಲ್ಲ. ಇಂದಿಗೂ ಮೂರು ರಾಜ್ಯಗಳ ನಂಬರ್ ಪ್ಲೇಟಿನ ಗಾಡಿಗಳು ಒಂದೇ ಬಯಲಿನಲ್ಲಿ ನಿಲ್ಲುತ್ತವೆ.

ಉತ್ಸವ ಮುಗಿದ ಮೇಲಿನ ಹನ್ನೊಂದು ತಿಂಗಳು ಊರನ್ನು ನಡೆಸುವುದು ಶಾಲೆಗಳು. ಮಾಣಿಕಪ್ರಭು ಸಂಸ್ಥಾನ ನಡೆಸುವ ವಸತಿಶಾಲೆಯಿದೆ, ವೇದಪಾಠಶಾಲೆಯಿದೆ, ಅಂಧ ಮಕ್ಕಳ ಶಾಲೆಯಿದೆ. ಅಂಧ ಶಾಲೆಯ ಬಗ್ಗೆ ವಿಶೇಷವಾಗಿ ಹೇಳಬೇಕು. ಕಣ್ಣು ಕಾಣದ ಮಗು ಹುಟ್ಟಿದರೆ ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂದು ಹಳ್ಳಿಯ ತಂದೆ-ತಾಯಿಗೆ ತಿಳಿಯದ ಭಾಗ ಇದು. ಅಂಥ ಮಗು ಬ್ರೈಲ್ ಅಕ್ಷರದ ಚುಕ್ಕಿಗಳ ಮೇಲೆ ಬೆರಳಾಡಿಸಿ ಓದುವುದನ್ನು ಕಲಿಯುವ ಜಾಗ ಮನೆಯ ಹತ್ತಿರವೇ ಇದೆ ಎಂಬ ಸುದ್ದಿ ಜಿಲ್ಲೆಯ ಪ್ರತಿ ಅಂಗನವಾಡಿಗೂ ಮುಟ್ಟಬೇಕು.

2017 ಈ ಊರಿಗೆ ನೆನಪಿನ ವರ್ಷ. ಆ ವರ್ಷದ ಅಕ್ಟೋಬರ್ 29ರಂದು ಸುಮಾರು 110 ಕಿಲೋಮೀಟರಿನ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು, ಹುಮನಾಬಾದ್ ಆ ಮಾರ್ಗದಲ್ಲೇ ಇದೆ. ಡಿಸೆಂಬರ್‌ನಲ್ಲಿ ಪ್ರಭುಗಳು ಹುಟ್ಟಿ 200 ವರ್ಷ ತುಂಬಿತು. ಹೆದ್ದಾರಿಯೂ ಈಗ ನಾಲ್ಕು ಪಥವಾಗಿದೆ. ದಾರಿ ಸಲೀಸಾದಷ್ಟೂ ಜನ ಹೆಚ್ಚು, ಜನ ಹೆಚ್ಚಿದಷ್ಟೂ ಭಾರ ಬೀಳುವುದು ಆ ಎರಡು ಹಳ್ಳಗಳ ಮೇಲೆ.

ಹಳ್ಳದ ಮಾತಿಗೆ ಮರಳಲೇಬೇಕು. ಬೀದರ್ ಸೀಮೆಯ ಎತ್ತರದ ನೆಲದಲ್ಲಿ ಮೇಲೆ ಜಂಬಿಟ್ಟಿಗೆ, ಕೆಳಗೆ ಕರಿಗಲ್ಲು. ಮಳೆನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದು, ಕರಿಗಲ್ಲಿಗೆ ತಾಗಿ ನಿಂತು, ಅಂಚಿನಲ್ಲಿ ಒರತೆಯಾಗಿ ಹೊರಡುತ್ತದೆ. ಬೀದರಿನ ಝರಣಿ ನರಸಿಂಹನ ಗುಹೆಯ ನೀರು, ನೌಬಾದಿನ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗ ಎರಡೂ ಇದೇ ಗುಣವನ್ನು ನೆಚ್ಚಿಕೊಂಡವು. ನೀರು ಇಳಿಯಲು ಜಾಗ ಬಿಟ್ಟರೆ ಮಾತ್ರ ಈ ನೆಲದ ಹಳ್ಳಗಳು ಮಳೆ ನಿಂತ ಮೇಲೂ ನಾಲ್ಕು ದಿನ ಹರಿಯುತ್ತವೆ. ಮೇಲಿನ ಹೊಲದ ಬದು ಒಡೆದರೆ, ದಂಡೆಯಲ್ಲಿ ಕಲ್ಲುಮಣ್ಣು ಸುರಿದರೆ, ಪ್ಲಾಸ್ಟಿಕ್ ತಟ್ಟೆ ಎಸೆದರೆ ಮಳೆಗಾಲದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಬರಿ ಉಸುಕು. ಸಂಗಮವನ್ನು ನೆಚ್ಚಿ ಹುಟ್ಟಿದ ಊರಿಗೆ ಸಂಗಮವನ್ನು ಕಾಯುವ ಕೆಲಸ ಪೂಜೆಯಷ್ಟೇ ದೊಡ್ಡದು. ತಾಲ್ಲೂಕು ಆಡಳಿತವೂ ಸಂಸ್ಥಾನವೂ ಊರವರೂ ಕೂಡಿ ಎರಡೂ ಹಳ್ಳಗಳ ದಂಡೆಯ ಗಡಿ ಗುರುತಿಸಿ, ಉತ್ಸವಕ್ಕೆ ಮುಂಚೆ ಮತ್ತು ನಂತರ ಹೂಳು ತೆಗೆಸುವ ಕ್ರಮ ಹಾಕಿಕೊಳ್ಳಬೇಕು.

ಮಾಣಿಕನಗರ ಬೀದರಿನಿಂದ ಸುಮಾರು 50 ಕಿಲೋಮೀಟರ್, ಕಲಬುರಗಿಯಿಂದ 60ರ ಆಸುಪಾಸು. ಹುಮನಾಬಾದಿಗೆ ರೈಲು, ಬಸ್ಸು ಎರಡೂ ಉಂಟು, ಅಲ್ಲಿಂದ ಊರು ಕೂಗಳತೆಯ ದೂರ. ದತ್ತ ಜಯಂತಿಗೆ ಬರುವವರು ನೀರಿನ ಬಾಟಲಿ, ತಟ್ಟೆ ಮನೆಯಿಂದಲೇ ತನ್ನಿ. ತಂದದ್ದನ್ನು ಹಳ್ಳಕ್ಕೆ ಬಿಡದೆ ಮರಳಿ ಒಯ್ಯಿರಿ.