ಬಣ್ಣ ಬಳಿಯದ ರಿಪೇರಿ

ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1951ರಲ್ಲಿ ಆತ ಮಾರುಕಟ್ಟೆಗೆ ತಂದ ‘ಪ್ರಿಸಿಷನ್ ಬೇಸ್’ ಎಂಬ ವಾದ್ಯದಲ್ಲಿ ಮೆಕ್ಯಾನಿಕ್‌ನ ಬುದ್ಧಿ ಎದ್ದು ಕಾಣುವುದು ಬಹುಶಃ ಅದಕ್ಕೇ. ಆಳೆತ್ತರದ ಡಬಲ್ ಬೇಸ್ ಹೊತ್ತು ಊರೂರು ತಿರುಗುತ್ತಿದ್ದ ವಾದಕರಿಗೆ ಹೆಗಲಿಗೆ ನೇತುಹಾಕಿಕೊಳ್ಳುವಂಥ, ಸ್ವರ ತಪ್ಪದಂತೆ ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳನ್ನು, ಅಂದರೆ ಫ್ರೆಟ್ ಕೂರಿಸಿದ, 34 ಇಂಚು ತಂತಿಯಳತೆಯ ಎಲೆಕ್ಟ್ರಿಕ್ ವಾದ್ಯ ಸಿಕ್ಕಿತು. ಕತ್ತನ್ನು ಒಡಲಿಗೆ ಅಂಟು ಹಾಕಿ ಸೇರಿಸುವ ಗೋಜಿಗೇ ಫೆಂಡರ್ ಹೋಗಲಿಲ್ಲ. ನಾಲ್ಕು ಸ್ಕ್ರೂ ಬಿಗಿದು ಮುಗಿಸಿದ. ಹಾಳಾದರೆ ಬಿಚ್ಚಿ ಬೇರೆಯದನ್ನು ಹಾಕಿಕೊಳ್ಳಲಿ ಎಂಬ ಲೆಕ್ಕ. ಹೀಗೆ ಬಿಡಿಭಾಗ ಬದಲಿಸಲೆಂದೇ ರೂಪುಗೊಂಡ ವಾದ್ಯದಲ್ಲಿ ಈಗ ಒಂದು ಸ್ಕ್ರೂ ಕೂಡ ಬದಲಾಗಿರಬಾರದೆಂದು ಜನ ಹಂಬಲಿಸುತ್ತಾರೆ. ಹಳೆಯ ಬೇಸ್ ಗಿಟಾರನ್ನು ಮೂಲ ಸ್ಥಿತಿಗೆ ತರುವ ಕಸುಬು ಬೆಳೆದದ್ದು ಈ ಹಂಬಲದ ಮೇಲೆ. ಆದರೆ ವಾದ್ಯವನ್ನು ಶೋರೂಮಿನಿಂದ ಈಗಷ್ಟೇ ಬಂದಂತೆ ಫಳಫಳ ಮಾಡಿಕೊಡುವುದೇ ಈ ಕಸುಬು ಎಂದುಕೊಂಡರೆ ತಪ್ಪಾಗುತ್ತದೆ. ಕಳೆದುಹೋದ ಭಾಗವನ್ನು ಮತ್ತೆ ಕೂರಿಸಬಹುದು, ಕಳೆದುಹೋದ ಮೇಲ್ಮೈಯನ್ನು ಮತ್ತೆ ತರಲಾಗದು. ಒಳ್ಳೆಯ ಕೆಲಸಗಾರನ ಪ್ರತಿ ತೀರ್ಮಾನವೂ ಈ ಒಂದು ತಿಳಿವಳಿಕೆಯಿಂದ ಹೊರಡುತ್ತದೆ.

ಹಾಗಾಗಿ ಸ್ಕ್ರೂಡ್ರೈವರ್ ಹಿಡಿದ ಮೇಲೂ ಮೊದಲು ನಡೆಯುವುದು ರಿಪೇರಿಯಲ್ಲ, ತನಿಖೆ. ತಂತಿ ಸಡಿಲಿಸಿ ಕತ್ತನ್ನು ಬಿಡಿಸಿದರೆ ಅದರ ಬುಡದಲ್ಲಿ ಪೆನ್ಸಿಲ್ಲಿನಿಂದ ಬರೆದ ಅಥವಾ ಮೊಹರು ಒತ್ತಿದ ತಾರೀಕು ಸಾಮಾನ್ಯವಾಗಿ ಸಿಗುತ್ತದೆ. ಸದ್ದು ಏರಿಳಿಸುವ ಬಿಡಿಭಾಗವಾದ ವಾಲ್ಯೂಮ್ ಪಾಟ್‌ನ ಬೆನ್ನ ಮೇಲೆ 1376612 ಎಂದಿದ್ದರೆ 137 ಎಂಬುದು ಅದನ್ನು ತಯಾರಿಸಿದ ಸಿಟಿಎಸ್ ಕಂಪನಿಯ ಸಂಕೇತ, ಉಳಿದದ್ದು 1966ನೇ ಇಸವಿಯ 12ನೇ ವಾರ. ವಾದ್ಯದ ವಯಸ್ಸು ಗೊತ್ತಾಯಿತು ಎಂದು ಇಷ್ಟಕ್ಕೇ ಹಿಗ್ಗುವಂತಿಲ್ಲ. ಫೆಂಡರ್ ಕಾರ್ಖಾನೆ 1966ರಲ್ಲಿ ಪಾಟ್‌ಗಳನ್ನು ರಾಶಿಗಟ್ಟಲೆ ತರಿಸಿಟ್ಟುಕೊಂಡು ವರ್ಷಗಟ್ಟಲೆ ಬಳಸಿತು. 1969ರ ಬೇಸ್‌ನಲ್ಲೂ 1966ರ ಪಾಟ್ ಇರುವುದುಂಟು. ಅಂದರೆ ಪಾಟ್ ಕೊಡುವ ಸಾಕ್ಷಿ ‘ಇದಕ್ಕಿಂತ ಮುಂಚಿನದಲ್ಲ’ ಎಂಬಷ್ಟೇ. ಕತ್ತಿನ ತಾರೀಕು ಕತ್ತು ಸಿದ್ಧವಾದ ದಿನವನ್ನು ಹೇಳುತ್ತದೆ, ವಾದ್ಯ ಜೋಡಣೆಯಾದ ದಿನವನ್ನಲ್ಲ. ಸೀರಿಯಲ್ ನಂಬರಿನ ತಗಡುಗಳನ್ನಂತೂ ಸರದಿ ನೋಡಿ ಬಿಗಿಯುತ್ತಿರಲಿಲ್ಲ. ಬಣ್ಣದ ಸಾಕ್ಷಿ ಇವೆಲ್ಲಕ್ಕಿಂತ ಗಟ್ಟಿ. 1964ರ ಸುಮಾರಿನವರೆಗೆ ಒಡಲಿಗೆ ಸಣ್ಣ ಮೊಳೆ ಹೊಡೆದು, ಅವುಗಳ ಆಸರೆಯಲ್ಲೇ ಬಣ್ಣ ಒಣಗಿಸುತ್ತಿದ್ದರು. ಒಣಗಿದ ಮೇಲೆ ಮೊಳೆ ಕಿತ್ತರೆ ತೂತಿನೊಳಗೆ ಬರೀ ಮರ ಕಾಣಬೇಕು. ಒಡಲಿನ ಮುಂಭಾಗದ ಮೇಲಿನ ತೆಳು ಹಲಗೆಯಾದ ಪಿಕ್‌ಗಾರ್ಡ್ ಬಿಚ್ಚಿ ನೋಡಿದಾಗ ಆ ತೂತಿನೊಳಕ್ಕೂ ಬಣ್ಣ ಇಳಿದಿದ್ದರೆ, ಮಾಲೀಕ ಏನೇ ಹೇಳಲಿ, ಒಡಲು ಎರಡನೆಯ ಸಲ ಬಣ್ಣ ಕಂಡಿದೆ. ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯಲೆಟ್ ದೀಪ ಹಿಡಿದರೆ ಹಳೆಯ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಹಸಿರು ಬೆರೆತ ಹಳದಿಯಾಗಿ ಹೊಳೆಯುತ್ತದೆ, ಆಮೇಲೆ ಹಚ್ಚಿದ ತೇಪೆ ಬೇರೆಯೇ ಛಾಯೆಯಲ್ಲಿ ಸಿಕ್ಕಿಬೀಳುತ್ತದೆ.

ಬಿಡಿಭಾಗಗಳ ವಿಷಯದಲ್ಲಿ ದಾರಿ ಸಾಕಷ್ಟು ಸಲೀಸು. ಆಗಿನ ಬೇಸ್‌ಗಳಿಗೆ ತಂತಿಗೆ ಆಧಾರವಾದ ಬ್ರಿಡ್ಜ್ ಮತ್ತು ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಮೇಲೆ ಕ್ರೋಮ್ ಮುಚ್ಚಳಗಳಿರುತ್ತಿದ್ದವು. ಕೈಗೆ ಅಡ್ಡ ಬರುತ್ತವೆಂದು ವಾದಕರು ಅವನ್ನು ಕಿತ್ತು ಮೂಲೆಗೆಸೆದರು. ಈಗ ಅವಕ್ಕೇ ಹುಡುಕಾಟ. ಬ್ರಿಡ್ಜ್ ಮುಚ್ಚಳದ ಒಳಗಿನ ಫೋಮ್ ತುಂಡು ತಂತಿಗೆ ಒತ್ತಿಕೊಂಡು ನಾದದ ಬಾಲವನ್ನು ಕತ್ತರಿಸುತ್ತಿತ್ತು. ಡೆಟ್ರಾಯಿಟ್‌ನ ಮೊಟೌನ್ ಕಂಪನಿಯ ಹಾಡುಗಳಲ್ಲಿ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್ ಬೇಸಿನಲ್ಲಿ ಹೊರಡಿಸಿದ ಆ ದಪ್ಪ, ಗಿಡ್ಡ ನಾದದಲ್ಲಿ ಅವರ ಬೆರಳಿನ ಜೊತೆಗೆ ಈ ಫೋಮಿಗೂ ನಯವಾದ ಮೈಯ ಹಳೆ ತಂತಿಗಳಿಗೂ ಪಾಲಿದೆ. ಮೂಲ ಸ್ಥಿತಿಯಲ್ಲಿ ನೋಟದಷ್ಟೇ ನಾದವೂ ಸೇರಿದೆ ಎಂದಾದರೆ ಎರಡು ಕಾಸಿನ ಫೋಮ್ ಚಿನ್ನದ ಬಣ್ಣದ ಪಿಕ್‌ಗಾರ್ಡಿಗಿಂತ ಮುಖ್ಯವಾಗಬೇಕು. ವ್ಯಾಪಾರದಲ್ಲಿ ಹಾಗಾಗುವುದಿಲ್ಲ, ಅದು ಬೇರೆ ಮಾತು. ಪಿಕಪ್ ಸತ್ತಿದ್ದರೆ ಸ್ವಲ್ಪ ಇಕ್ಕಟ್ಟು. ಅದರ ಕಾಯಿಲ್‌ನಲ್ಲಿರುವುದು ಸಾವಿರಾರು ಸುತ್ತಿನ, 42 ಗೇಜಿನ, ಕೂದಲೆಳೆಯಂಥ ತಾಮ್ರದ ತಂತಿ. ತೇವ ಹತ್ತಿ ಎಲ್ಲೋ ಒಂದು ಕಡೆ ಕಡಿದರೂ ಸದ್ದಡಗುತ್ತದೆ. ಹೊಸ ಪಿಕಪ್ ತಂದು ಹಾಕುವುದು ಸುಲಭ. ಬಲ್ಲವರು ಮೊದಲು ಹೊರಗಿನ ಕೆಲವು ಸುತ್ತುಗಳಲ್ಲೇ ಕಡಿತವಿದೆಯೇ ಎಂದು ನೋಡುತ್ತಾರೆ. ಇಲ್ಲವಾದರೆ ಹಳೆಯ ಅಯಸ್ಕಾಂತ, ಹಳೆಯ ಫೈಬರ್ ಹಲಗೆಗಳನ್ನು ಉಳಿಸಿಕೊಂಡು ಅದೇ ಗೇಜಿನ ತಂತಿಯಲ್ಲಿ ರಿವೈಂಡಿಂಗ್ ಮಾಡುತ್ತಾರೆ. ಅದು ಅರ್ಧ ಮೂಲ, ಅರ್ಧ ಹೊಸತು; ಹಾಗೆಂದು ಬಾಯಿಬಿಟ್ಟು ಹೇಳಿದರೆ ಯಾವ ದೋಷವೂ ಇಲ್ಲ. ಇದಕ್ಕೆ ಹೋಲಿಸಿದರೆ, ಚೆನ್ನಾಗಿಯೇ ಇರುವ ಹಳೆಯ ಬೆಸುಗೆಯನ್ನು ‘ಇರಲಿ’ ಎಂದು ಕಾಸಿ ಹೊಸದು ಮಾಡುವುದು ದೊಡ್ಡ ಅಪರಾಧ. ಕಾರ್ಖಾನೆಯ ಬೆಸುಗೆ ಒಮ್ಮೆ ಕರಗಿತೆಂದರೆ ಆ ಸಾಕ್ಷಿ ಹೋಯಿತು.

ಜಗಳ ಬರುವುದು ಬಣ್ಣದ ಹತ್ತಿರ. ಫೆಂಡರ್ ತನ್ನ ವಿಶೇಷ ಬಣ್ಣಗಳಿಗೆ ಡುಪಾಂಟ್ ಕಂಪನಿಯ ಕಾರಿನ ಪೇಂಟ್ ಬಳಸುತ್ತಿತ್ತು. ‘ಲೇಕ್ ಪ್ಲಾಸಿಡ್ ಬ್ಲೂ’ ಕಾರ್ಖಾನೆ ಬಿಟ್ಟಾಗ ಅಚ್ಚ ನೀಲಿ. ಅದರ ಮೇಲಿನ ಪಾರದರ್ಶಕ ಲ್ಯಾಕರ್ ವರ್ಷಗಳುರುಳಿದಂತೆ ಹಳದಿಗೆ ತಿರುಗಿ, ನೀಲಿ ಹಸಿರಾಗಿ ಕಾಣುತ್ತದೆ. ‘ಒಲಿಂಪಿಕ್ ವೈಟ್’ ಕೆನೆಬಣ್ಣಕ್ಕೆ ಇಳಿಯುತ್ತದೆ. ಹಾಗಾದರೆ ಮೂಲ ಬಣ್ಣ ಯಾವುದು? 1962ರ ಬೇಸ್‌ಗೆ ಅಂದಿನ ನೀಲಿಯೇ ಬೇಕೆಂದು ಹಳದಿ ಪದರವನ್ನು ಉಜ್ಜಿದರೆ ಹೋಗುವುದು ಕಾರ್ಖಾನೆಯವರೇ ಹಚ್ಚಿದ ಲ್ಯಾಕರ್. ಹೊಸದಾಗಿ ಹಚ್ಚಿದ್ದು 1962ರಂತೆ ಕಂಡರೂ ಅದು ಇವತ್ತಿನದು. ಕಾಣುವುದಕ್ಕೂ ಇರುವುದಕ್ಕೂ ವ್ಯತ್ಯಾಸ ಬಂದಾಗ ಇರುವುದರ ಪಕ್ಷ ಹಿಡಿಯಬೇಕೆಂಬುದು ನನ್ನ ವಾದ. ಇದಕ್ಕೆ ಒಂದು ತೂಕದ ಆಕ್ಷೇಪವಿದೆ: ಯಾರೋ ಎಪ್ಪತ್ತರ ದಶಕದಲ್ಲಿ ಹಳೆಯ ಬಣ್ಣವನ್ನೆಲ್ಲ ಕೆರೆದು ಹಾಕಿ ಬರೀ ವಾರ್ನಿಷ್ ಹೊಡೆದಿದ್ದರೆ ಏನು ಮಾಡಬೇಕು, ಉಳಿಸಿಕೊಳ್ಳಲು ಅಲ್ಲೇನಿದೆ? ಒಪ್ಪತಕ್ಕ ಮಾತು. ಅಂಥ ಒಡಲಿಗೆ ಅದರ ಕಾಲದ ಬಣ್ಣವನ್ನು ತೆಳುವಾದ ನೈಟ್ರೊ ಲ್ಯಾಕರಿನಲ್ಲೇ ಮತ್ತೆ ಹಚ್ಚುವುದು ನ್ಯಾಯ, ಏಕೆಂದರೆ ಅದರಿಂದ ಯಾವ ಸಾಕ್ಷಿಯೂ ಅಳಿಯುವುದಿಲ್ಲ. ಆದರೂ ಪಿಕಪ್ ಗುಂಡಿಯ ಅಂಚಿನಲ್ಲೋ ಕತ್ತಿನ ಬುಡ ಕೂರುವ ಜಾಗದಲ್ಲೋ ಉಳಿದಿರುವ ಹಳೆ ಬಣ್ಣದ ಚೂರನ್ನು ಮುಟ್ಟಬಾರದು. ಅಲ್ಲಿಂದ ಮುಂದೆ ಹೋಗಿ, ಹೊಸ ಬಣ್ಣವನ್ನು ಬ್ಲೇಡಿನಿಂದ ಗೀರಿ, ಬಿರುಕು ಬರಿಸಿ, ಮೊಣಕೈ ಒರೆಸಿ ಸವೆದಂತೆ ಮಾಡುವವರಿದ್ದಾರೆ. ಹೊಸ ಗಿಟಾರಿನ ಮೇಲೆ ಇದು ಫ್ಯಾಷನ್ ಆದೀತು, ಹಳೆಯದರ ಮೇಲೆ ಸುಳ್ಳು ಸಾಕ್ಷಿ.

ವಾದ್ಯವಿರುವುದು ನುಡಿಸಲಿಕ್ಕೆ, ಗಾಜಿನ ಪೆಟ್ಟಿಗೆಯಲ್ಲಿಡಲಿಕ್ಕಲ್ಲ ಎಂಬುದು ಇನ್ನೊಂದು ಆಕ್ಷೇಪ. ನಾಲ್ಕು ತಂತಿಗಳು ಸೇರಿ ಕತ್ತನ್ನು ಮುಕ್ಕಾಲು ಕ್ವಿಂಟಾಲಿನಷ್ಟು ಬಲದಲ್ಲಿ ಎಳೆಯುತ್ತಿರುತ್ತವೆ. ಬೆರಳು ಒತ್ತಿ ಒತ್ತಿ ಫ್ರೆಟ್‌ನಲ್ಲಿ ಕುಳಿ ಬೀಳುತ್ತದೆ. ಫ್ರೆಟ್ ಬದಲಿಸಿದರೆ ಮೂಲ ಕೆಟ್ಟಿತೆನ್ನುವವರ ಮಾತಿಗೆ ನಮ್ಮಲ್ಲೇ ಉತ್ತರವಿದೆ: ವೀಣೆಯ ಮೆಟ್ಟಿಲುಗಳನ್ನು ಹಿಡಿದ ಮೇಣ ಹಳತಾದಾಗ ಮತ್ತೆ ಮೇಳ ಕಟ್ಟಿಸುತ್ತಾರೆ, ಅದರಿಂದ ವೀಣೆ ಬೇರೆಯದಾಯಿತೆಂದು ಯಾರೂ ಅನ್ನುವುದಿಲ್ಲ. ಸವೆಯಲೆಂದೇ ಇರುವ ಭಾಗ ಸವೆದಾಗ ಬದಲಾಗಬೇಕು. ಎಚ್ಚರ ಬೇಕಾದದ್ದು ಫ್ರೆಟ್ ಕೆಳಗಿನ ಮರದ ವಿಷಯದಲ್ಲಿ. 1962ರಿಂದ ಫೆಂಡರ್ ಕತ್ತಿನ ಮೇಲೆ ದಪ್ಪ ರೋಸ್‌ವುಡ್ ಹಲಗೆಯ ಬದಲು ತೆಳು ಪದರ ಕೂರಿಸತೊಡಗಿತು. ಫ್ರೆಟ್ ಹಾಕುವ ಮುನ್ನ ಸಮ ಮಾಡುತ್ತೇನೆಂದು ಕೈ ಸಡಿಲಬಿಟ್ಟು ಉಜ್ಜಿದರೆ ಆ ಪದರ ಉಳಿಯುವುದಿಲ್ಲ. ಮೊದಲಿಗೆ ಅದು ಬ್ರೆಜಿಲ್‌ನ ಮರ; ಆಮೇಲೆ ಭಾರತದ ರೋಸ್‌ವುಡ್, ಅಂದರೆ ಮಲೆನಾಡಿನ ನಮ್ಮ ಬೀಟೆಯ ಜಾತಿಯೇ, ಆ ಜಾಗಕ್ಕೆ ಬಂತು. ಬ್ರೆಜಿಲ್‌ನ ಮರ 1992ರಿಂದ, ಅಳಿವಿನಂಚಿನ ಜೀವಜಾತಿಗಳ ವ್ಯಾಪಾರ ನಿಯಂತ್ರಿಸುವ ಸೈಟೀಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ಆ ಹಲಗೆಯ ವಾದ್ಯವನ್ನು ದೇಶ ದಾಟಿಸಿ ಮಾರಲು ಕಾಗದಪತ್ರ ಬೇಕು. ಹಾಳಾದ ಪದರದ ಬದಲಿಗೆ ಅಂಥದೇ ಇನ್ನೊಂದು ತಂದೇವು ಎಂಬ ಧೈರ್ಯಕ್ಕೆ ಈಗ ಜಾಗವಿಲ್ಲ.

ನನ್ನ ವಾದವನ್ನು ನಿಜವಾಗಿ ಒರೆಗೆ ಹಚ್ಚುವುದು ಎರಡು ಪ್ರಸಿದ್ಧ ಬೇಸ್‌ಗಳು. ಬೇಸ್ ವಾದಕ ಜಾಕೋ ಪಾಸ್ಟೋರಿಯಸ್, ಫ್ರೆಟ್‌ಗಳನ್ನು ಕಿತ್ತಿದ್ದ ತಮ್ಮ 1962ರ ಫೆಂಡರ್ ‘ಜಾಝ್ ಬೇಸ್’ನ ಸೀಳುಗಳನ್ನು ತುಂಬಿಸಿ, ದೋಣಿಗೆ ಬಳಿಯುವ ಎಪಾಕ್ಸಿ ಬಳಿದರು. ಆಮೇಲೆ ಅದು ಒಡೆದು ಚೂರಾಯಿತು, ಅಂಟಿಸಲಾಯಿತು, 1986ರಲ್ಲಿ ನ್ಯೂಯಾರ್ಕ್‌ನಲ್ಲಿ ಕಳುವಾಗಿ ಎರಡು ದಶಕದ ಮೇಲೆ ಸಿಕ್ಕಿತು. ಅದಕ್ಕೆ ಫ್ರೆಟ್ ಹಾಕಿ ಕಾರ್ಖಾನೆಯ ಸ್ಥಿತಿಗೆ ತರುವ ಯೋಚನೆಯೇ ನಗೆ ಬರಿಸುತ್ತದೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಹಾಫ್ನರ್ ಬೇಸ್ 1964ರಲ್ಲಿ ಹೊಸ ಬಣ್ಣ ಹೊಡೆಸಿಕೊಂಡಿತ್ತು, 1972ರಲ್ಲಿ ಲಂಡನ್ನಿನಲ್ಲಿ ಕಳುವಾಯಿತು. ಮರಳಿ ಸಿಕ್ಕ ಸುದ್ದಿ ಹೊರಬಿದ್ದದ್ದು 2024ರಲ್ಲಿ. ರಿಪೇರಿಯಾಗಿ ಅದೇ ಡಿಸೆಂಬರಿನಲ್ಲಿ ಲಂಡನ್ನಿನ ವೇದಿಕೆಯಲ್ಲಿ ಮೆಕಾರ್ಟ್ನಿ ಕೈಯಲ್ಲಿ ನುಡಿಯಿತು. 1964ರ ಬಣ್ಣ ಕಾರ್ಖಾನೆಯ ಮೊದಲ ಬಣ್ಣವಲ್ಲ, ಆದರೂ ಅದನ್ನು ಕೆರೆಯುವುದೆಂದರೆ ಬೀಟಲ್ಸ್ ಕಾಲವನ್ನೇ ಕೆರೆದಂತೆ. ಪ್ರಸಿದ್ಧರ ವಾದ್ಯಕ್ಕೆ ಮಾತ್ರ ಈ ರಿಯಾಯಿತಿ ಏಕೆ ಎಂದು ಕೇಳಬಹುದು. ಅವರಿಗೆ ಮಾತ್ರ ಕೊಡಬೇಕಿಲ್ಲ ಎನ್ನುತ್ತೇನೆ. ಹೆಸರಿಲ್ಲದ ವಾದಕನೊಬ್ಬ ಹೆಬ್ಬೆರಳ ಆಸರೆಯನ್ನು ಕಿತ್ತು ತನಗೆ ಬೇಕಾದ ಕಡೆ ಬಿಗಿದಿದ್ದರೆ ಆ ಎರಡು ಸ್ಕ್ರೂ ತೂತುಗಳೂ ಇರಲಿ, ಅವುಗಳಿಂದ ಮರಕ್ಕೇನೂ ಕೇಡಿಲ್ಲ.

ಇದೆಲ್ಲ ಬರೀ ಬೆಲೆಯ ಆಟ ಎಂದು ಮೂಗು ಮುರಿಯುವವರ ಮಾತಿನಲ್ಲೂ ಹುರುಳಿದೆ. 1965ರ ಜನವರಿಯಲ್ಲಿ ಸಿಬಿಎಸ್ ಸಂಸ್ಥೆ ಫೆಂಡರ್ ಕಂಪನಿಯನ್ನು 1 ಕೋಟಿ 30 ಲಕ್ಷ ಡಾಲರಿಗೆ ಕೊಂಡಿತು. ಅದಕ್ಕಿಂತ ಮುಂಚಿನದೆಂದರೆ ಬೆಲೆ ಏರುತ್ತದೆ, ಮರುಬಣ್ಣ ಕಂಡದ್ದೆಂದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ವ್ಯಾಪಾರಿಗಳ ರೂಢಿಯ ಲೆಕ್ಕ. ಬೆಲೆ ಹೆಚ್ಚಿದ ಕಡೆ ನಕಲು ಹುಟ್ಟುತ್ತದೆ: ಹಳೆಯ ಪಾಟ್, ಎಲ್ಲಿಂದಲೋ ತಂದ ನಂಬರಿನ ತಗಡು, ಹೊಸ ಒಡಲು. ಆದರೆ ನಕಲನ್ನು ಹಿಡಿಯಲು ಬೇಕಾದ ವಿದ್ಯೆಯೂ ಈ ಕಸುಬಿನದೇ. ಅದಕ್ಕೇ ಒಳ್ಳೆಯ ಕೆಲಸಗಾರ ವಾದ್ಯ ಒಪ್ಪಿಸುವಾಗ ಬಿಚ್ಚುವ ಮುಂಚಿನ ಫೋಟೊಗಳನ್ನೂ, ಯಾವ ಬೆಸುಗೆ ಮುಟ್ಟಿದೆ, ಯಾವ ಭಾಗ ಯಾವ ವರ್ಷದ್ದು ಎಂಬ ಪಟ್ಟಿಯನ್ನೂ, ತೆಗೆದ ಹಳೆ ಫ್ರೆಟ್, ಕ್ಯಾಪಾಸಿಟರ್‌ಗಳ ಪೊಟ್ಟಣವನ್ನೂ ಗಿಟಾರ್ ಕೇಸಿನೊಳಗೇ ಇಟ್ಟುಕೊಡುತ್ತಾನೆ. ಕೊಳ್ಳುವವರು ವಾದ್ಯಕ್ಕಿಂತ ಮೊದಲು ಕೇಳಬೇಕಾದದ್ದು ಆ ಪಟ್ಟಿಯನ್ನು.