ತುರುಗೋಳಿನಿಂದ ‘ತಗಂಡೆ’ವರೆಗೆ

‘ಕೊಳ್ಳು’ ಎಂದರೆ ಇಂದು ಮೊದಲು ಹೊಳೆಯುವುದು ಖರೀದಿ. ಹಳಗನ್ನಡದ ‘ಕೊಳ್’ ಅಷ್ಟು ಸಾಧು ಪದವಲ್ಲ. ಹಿಡಿ, ಕಸಿ, ವಶಮಾಡು, ಸ್ವೀಕರಿಸು ಎಲ್ಲವೂ ಅದರೊಳಗಿದ್ದವು. ಪರರ ಹಸುಗಳನ್ನು ಬಲವಂತದಿಂದ ಅಟ್ಟಿಕೊಂಡು ಹೋಗುವುದೇ ತುರುಗೋಳು; ಅದರ ‘ಕೋಳು’ ಈ ‘ಕೊಳ್’ನಿಂದಲೇ ಬಂದದ್ದು. ಅದನ್ನು ತಡೆಯಲು ಹೋಗಿ ಮಡಿದವರ ವೀರಗಲ್ಲುಗಳು ನಾಡಿನ ಹಲವೆಡೆ ಇವೆ. ಬೆಲೆ ತೆತ್ತು ಪಡೆಯುವ ಅರ್ಥ ಬರಬರುತ್ತ ಮುಂದೆ ನಿಂತಿತು.

ಈ ಪದ ಇನ್ನೊಂದು ಕ್ರಿಯಾಪದದ ಬೆನ್ನಿಗೆ ಹತ್ತಿದ್ದೂ ಹಳೆಯ ಸಂಗತಿಯೇ. ತಮಿಳಿನ ‘ಕೊಳ್’, ತೆಲುಗಿನ ‘ಕೊನು’ ಕೂಡ ಇದೇ ಕೆಲಸ ಮಾಡುತ್ತವೆ. ಕೆಲಸದ ಫಲ ಮಾಡಿದವನಿಗೇ ಸೇರಿದರೆ ‘ಕೊಳ್ಳು’, ಬೇರೆಯವರಿಗೆ ಸೇರಿದರೆ ‘ಕೊಡು’. ಮನೆ ಕಟ್ಟಿಕೊಂಡವನು ಯಜಮಾನ, ಕಟ್ಟಿಕೊಟ್ಟವನು ಮೇಸ್ತ್ರಿ. (ಕಟ್ಟಿಕೊಂಡವಳು ಮಾತ್ರ ಹೆಂಡತಿ!) ‘ಕೊಂಡುಕೊಂಡ’ ಎನ್ನುವಲ್ಲಿ ಒಂದೇ ಪದ ಎರಡು ಸಲ ದುಡಿಯುತ್ತದೆ: ಮೊದಲನೆಯದು ಖರೀದಿ, ಎರಡನೆಯದು ‘ತನಗಾಗಿ’.

ಖರೀದಿಯ ‘ಕೊಳ್ಳು’ ಆಡುಮಾತಿನಲ್ಲಿ ಏನಾಗಿದೆ ಎಂದು ತಿಳಿಯಲು ಜಾತ್ರೆಗೇ ಹೋಗಬೇಕು. ಟಿ. ನರಸೀಪುರ ತಾಲ್ಲೂಕಿನ ಮುಡುಕುತೊರೆಯಲ್ಲಿ, ಕಾವೇರಿ ದಡದ ಮಲ್ಲಿಕಾರ್ಜುನಸ್ವಾಮಿ ಬೆಟ್ಟದ ಬಳಿ, ವರ್ಷಕ್ಕೊಮ್ಮೆ ದನಗಳ ಜಾತ್ರೆ ಕೂಡುತ್ತದೆ. ಈ ಸೀಮೆಯ ಆಡುಮಾತಿನಲ್ಲಿ ಜೋಡಿ ಎತ್ತು ಕೊಂಡವನು ‘ಕೊಂಡೆ’ ಎನ್ನುವುದಕ್ಕಿಂತ ‘ತಗಂಡೆ’ ಎನ್ನುವುದೇ ಹೆಚ್ಚು. ಅದು ‘ತೆಗೆದುಕೊಂಡೆ’ ಸವೆದ ರೂಪ. ‘ಕೊಳ್ಳು’ ತನ್ನ ಸ್ವಂತ ಕೆಲಸವನ್ನು ತಾನೇ ಸೇರಿ ಹುಟ್ಟಿಸಿದ ಕೂಡುಪದಕ್ಕೆ ಬಿಟ್ಟುಕೊಟ್ಟಿದೆ.

ಅರ್ಥಗಳು ಎಷ್ಟು ಟಿಸಿಲೊಡೆಯಬಲ್ಲವು ಎಂಬುದಕ್ಕೆ ‘ಹೊಡೆದುಕೊಳ್ಳು’ ಒಂದೇ ಸಾಕು. ರಾಸುಗಳನ್ನು ‘ಹೊಡ್ಕಂಡು ಬಂದ’ ಎಂದರೆ ಅಟ್ಟಿ ತಂದ. ದುಡ್ಡು ‘ಹೊಡ್ಕಂಡ’ ಎಂದರೆ ಕದ್ದ. ತಲೆ ಹೊಡೆದುಕೊಂಡರೆ ಏಟು ತನಗೇ; ಅಣ್ಣತಮ್ಮಂದಿರು ಹೊಡೆದುಕೊಂಡರೆ ಒಬ್ಬರಿಗೊಬ್ಬರು. ಗಾಳಿಗೆ ಬಾಗಿಲು, ಹೆದರಿಕೆಗೆ ಎದೆ ಹೊಡೆದುಕೊಳ್ಳುವಾಗ ಹೊಡೆಯುವವರೇ ಇಲ್ಲ. ಕೊನೆಯ ಈ ಬಳಕೆ ಹೆಚ್ಚು ಕುತೂಹಲದ್ದು: ಇಲ್ಲಿ ‘ಕೊಳ್ಳು’ ಕರ್ತೃವನ್ನೇ ಮರೆಮಾಡುತ್ತದೆ. ಕದ ತೆರೆದುಕೊಂಡಿತು, ಗಂಟು ಬಿಚ್ಚಿಕೊಂಡಿತು. ‘ಹಾಡಿಕೊಂಡು ನಡೆದ’ ಎನ್ನುವಾಗ ಲಾಭವೂ ಇಲ್ಲ, ಏಟೂ ಇಲ್ಲ; ಎರಡು ಕೆಲಸ ಒಟ್ಟಿಗೆ ಸಾಗಿವೆ, ಅಷ್ಟೆ.

ನಾಮಪದಕ್ಕೆ ಸೇರಿದಾಗ ‘ಕೊಳ್ಳು’ ಬಹುಮಟ್ಟಿಗೆ ‘ಗೊಳ್ಳು’ ಆಗುತ್ತದೆ: ಕೈಗೊಳ್ಳು, ಕೊನೆಗೊಳ್ಳು, ಅಮಾನತುಗೊಳ್ಳು. ಇದು ಪತ್ರಿಕೆ, ಕಚೇರಿಗಳ ಅಚ್ಚುಮೆಚ್ಚಿನ ರೂಪ. ‘ಆರಂಭವಾಯಿತು’ ಎಂದರೆ ಸಾಕಾಗುವ ಕಡೆಯೂ ಅಲ್ಲಿ ಜಾತ್ರೆ ‘ಆರಂಭಗೊಳ್ಳುತ್ತದೆ’. ಊರವರ ಬಾಯಲ್ಲಿ ಅದು ‘ಸುರುವಾಯ್ತು’.